ಎಂಟು ಹೆಜ್ಜೆ ಆಚೆ

ಫೆಬ್ರವರಿ ೩

ಫೋಟೋದವರಿಗೆ ನಮಸ್ಕಾರ.

ಈ ಕೈಬರಹ ನಿಮಗೆ ಗುರುತು ಹತ್ತಲಿಕ್ಕಿಲ್ಲ. ನಾನು ಕ್ರೀಡಾಂಗಣದಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದವರ ಹೆಂಡತಿ. ನೀವು ಅವರನ್ನು ಗೆರೆಯಣ್ಣ ಎನ್ನುತ್ತಿದ್ದಿರಿ. ಅವರು ತೀರಿಕೊಂಡು ಐದು ತಿಂಗಳಾಯಿತು.

ಹತ್ತೊಂಬತ್ತು ವರ್ಷದ ಮೇಲೆ ನಿಮಗೆ ಪತ್ರ ಬರೆಯಬೇಕೆಂದು ನಾನಾಗಿ ಕೂತವಳಲ್ಲ. ನನಗೆ ಒಂದು ಲೆನ್ಸ್ ಬೇಕಾಗಿದೆ. ನಮ್ಮ ಬೀದಿಯ ಸ್ಟುಡಿಯೋದವರನ್ನು ಕೇಳಿದೆ. "ಹೊಸದು ನಿಮ್ಮ ಕೈಗೆ ಎಟುಕಲ್ಲಮ್ಮ, ಹಳೇದೇ ತಗೊಳ್ಳಿ. ಆದ್ರೆ ಹಳೇ ಲೆನ್ಸ್ ಮಾರೋರಲ್ಲಿ ನಿಜ ಹೇಳೋನು ಒಬ್ಬನೇ," ಎಂದು ಚೀಟಿಯಲ್ಲಿ ವಿಳಾಸ ಬರೆದುಕೊಟ್ಟರು. ಮನೆಗೆ ಬಂದು ಬಿಚ್ಚಿ ನೋಡಿದರೆ ನಿಮ್ಮ ಹೆಸರು. ಚೀಟಿಯನ್ನು ದಿನಚರಿ ಪುಸ್ತಕದೊಳಗೆ ಇಟ್ಟೆ. ಹನ್ನೊಂದು ದಿನ ಆ ಪುಟ ತೆರೆಯಲಿಲ್ಲ.

ಮೈದಾನದ ತಿರುವಿನ ಹತ್ತಿರ ಬರಿನೆಲದಲ್ಲಿ ಮೊಟ್ಟೆ ಇಡುವ ಟಿಟ್ಟಿಭ ಹಕ್ಕಿ ನಿಮಗೆ ನೆನಪಿರಬಹುದು. ಯಾರೂ ತುಳಿಯದಿರಲಿ ಎಂದು ನಮ್ಮವರು ಅದರ ಗೂಡಿನ ಸುತ್ತ ಸುಣ್ಣದಲ್ಲಿ ಬಳೆಯ ಹಾಗೆ ಒಂದು ಗೆರೆ ಎಳೆಯುತ್ತಿದ್ದರು. ಮಕ್ಕಳು ಅದನ್ನು ಸುತ್ತಿ ಓಡುತ್ತಿದ್ದರು. ಎರಡು ವರ್ಷದ ಹಿಂದೆ ಸ್ಟುಡಿಯೋದವರಿಂದ ಒಂದು ಹಳೆಯ ಡಿಜಿಟಲ್ ಕ್ಯಾಮೆರಾ ಕೊಂಡರು. ಅದರ ಜೊತೆಗೆ ಬಂದ ಚಿಕ್ಕ ಲೆನ್ಸಿನಲ್ಲಿ ಹಕ್ಕಿ ಒಂದು ಚುಕ್ಕೆ, ಅಷ್ಟೇ. ಹತ್ತಿರ ಹೋದರೆ ಚೀರುತ್ತ ತಲೆಯ ಮೇಲೆ ಎರಗುತ್ತದೆ. "ದೂರದಿಂದ್ಲೇ ಅದರ ಕಣ್ಣು ಕಾಣ್ಬೇಕು ಕಣೇ. ಅಂಥದ್ದೊಂದು ತಗೋಬೇಕು," ಎನ್ನುತ್ತಿದ್ದರು. ಅವರ ಕ್ಯಾಮೆರಾದಲ್ಲಿ ಈಗ ನಲವತ್ತು ಚುಕ್ಕೆಗಳಿವೆ. ಹಕ್ಕಿ ಈ ವರ್ಷ ಮತ್ತೆ ಬಂದಿದೆ.

ನಾನು ಕ್ರೀಡಾಂಗಣದ ಉಗ್ರಾಣದಲ್ಲಿ ಆಟಗಾರರ ಅಂಗಿ ಒಗೆದು, ಹರಿದದ್ದು ಹೊಲಿಯುವ ಕೆಲಸದಲ್ಲೇ ಇದ್ದೇನೆ. ಅಲ್ಲಿನ ಕಿಟಕಿಯಿಂದ ಹಕ್ಕಿಯನ್ನೂ ಓಡುವ ಮಕ್ಕಳನ್ನೂ ತೆಗೆಯಬೇಕು. ಕ್ಯಾಮೆರಾದ ಮೇಲಿನ ಹೆಸರು, ನಂಬರು ಹಿಂಬದಿ ಬರೆದಿದ್ದೇನೆ. ಯಾವ ಲೆನ್ಸ್ ಕೊಳ್ಳಲಿ, ತಿಳಿಸಿ. ಬೇರೆ ಏನೂ ಬರೆಯಬೇಕಾಗಿಲ್ಲ.

ಇತಿ,
ಗೆರೆಯವರ ಮನೆಯವಳು


ಫೆಬ್ರವರಿ ೧೨

ಅತ್ತಿಗೆಗೆ,

ನಿಮ್ಮ ಲಕೋಟೆಯನ್ನು ಅಂಗಡಿಯಲ್ಲಿ ನಿಂತುಕೊಂಡೇ ಒಡೆದೆ. ಎದುರಿಗೆ ಗಿರಾಕಿ ಇದ್ದರು. ಅಣ್ಣ ಇಲ್ಲವೆಂಬ ಸಾಲಿಗೆ ಬಂದಾಗ ಕೈಯಲ್ಲಿದ್ದ ಸಣ್ಣ ಸ್ಕ್ರೂಡ್ರೈವರನ್ನು ಎಲ್ಲಿಟ್ಟೆನೋ, ಇವತ್ತಿಗೂ ಸಿಕ್ಕಿಲ್ಲ. ಗಿರಾಕಿ, "ಏನ್ ಸಾರ್, ಕವರ್‌ನಲ್ಲಿ ಹಾವು ಬಂತಾ?" ಎಂದರು. ಅವರ ಕ್ಯಾಮೆರಾ ಅವರಿಗೇ ಕೊಟ್ಟು ಬಾಗಿಲೆಳೆದುಕೊಂಡೆ.

ಗೆರೆಯಣ್ಣ ಇಲ್ಲ. ಹಾಗೆಂದು ಬರೆದು ನೋಡಿದೆ. ಅಕ್ಷರವಾಗಿ ಕಂಡರೂ ನಂಬಿಕೆ ಬರುತ್ತಿಲ್ಲ. ಈ ಐದು ತಿಂಗಳೂ ನಾನು ಮನಸ್ಸಿನಲ್ಲಿ ಅವರ ಜೊತೆ ಮಾತು ಬಿಟ್ಟುಕೊಂಡೇ ಇದ್ದೆ. ಇಲ್ಲದವರ ಜೊತೆ.

ಬೇರೆ ಬರೆಯಬೇಡಿ ಎಂದಿದ್ದೀರಿ. ಲೆನ್ಸಿನ ಮಾತಿಗೆ ಬರುತ್ತೇನೆ.

ನಿಮ್ಮ ಕಿಟಕಿಯಿಂದ ತಿರುವಿಗೆ ಸುಮಾರು ನಲವತ್ತು ಹೆಜ್ಜೆ. ಎಪ್ಪತ್ತರಿಂದ ಮುನ್ನೂರು ಮಿಲಿಮೀಟರ್‌ವರೆಗೆ (ಅಂಕಿ ಹೆಚ್ಚಿದಷ್ಟೂ ದೂರದ್ದು ಹತ್ತಿರ ಬರುತ್ತದೆ) ಹಿಗ್ಗಿಸಬಹುದಾದ ಜೂಮ್ ಎಲ್ಲಕ್ಕಿಂತ ಅಗ್ಗ, ಹಗುರ. ಬಿಸಿಲಿದ್ದರೆ ಎರಡಕ್ಕೂ ಆದೀತು. ಮೋಡ ಕವಿದರೆ ಓಡುವ ಮಕ್ಕಳ ಕಾಲು ಹೊಗೆಯಾಗಿ ಬರುತ್ತದೆ. ನೂರೈವತ್ತರಿಂದ ಆರುನೂರರದು ಹಕ್ಕಿಯ ಗರಿಯನ್ನೂ ಎಣಿಸಿಕೊಡುತ್ತದೆ. ಆದರೆ ಸ್ಟ್ಯಾಂಡ್ ಇಲ್ಲದೆ ಹಿಡಿದರೆ ತೋಳು ಬಿದ್ದುಹೋಗುತ್ತದೆ, ಹಳೆಯದಾದರೂ ಬೆಲೆ ಇಳಿಯುವುದಿಲ್ಲ. ಒಳಗೆ ಕನ್ನಡಿ ಇರುವ ಐನೂರರದೊಂದು ಡಬ್ಬಿಯಂಥ ಲೆನ್ಸ್ ಬರುತ್ತದೆ. ಅದು ಅಗ್ಗವೇ. ಆದರೆ ಒಳಗೆ ಕತ್ತಲು. ಕೂತ ಹಕ್ಕಿಗೆ ಸರಿ, ಓಟಕ್ಕೆ ಬೇಡ. ಇರುವ ಲೆನ್ಸಿಗೆ ಉಂಗುರ ಸಿಕ್ಕಿಸಿ ಎರಡು ಪಟ್ಟು ಮಾಡುತ್ತೇವೆ ಎನ್ನುವವರ ಮಾತಿಗೆ ಮರುಳಾಗಬೇಡಿ. ಆ ಉಂಗುರ ಬೆಳಕು ತಿಂದುಬಿಡುತ್ತದೆ.

ಇನ್ನೊಂದು ಇದೆ. ಹಳೆಯ ಮುನ್ನೂರು, ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಬೆಳಕು ಧಾರಾಳ. ನಿಮ್ಮ ಕ್ಯಾಮೆರಾಕ್ಕೆ ಕೂರುತ್ತದೆ, ಫೋಕಸ್ ಮಾತ್ರ ಕೈಯಿಂದ ತಿರುಗಿಸಬೇಕು. ಹೊಲಿಗೆಯ ಕೈ, ನಿಮಗೆ ಕಷ್ಟವಾಗದು. ಅಂಥದೊಂದು ನನ್ನ ಬೀರುವಿನಲ್ಲಿದೆ. ಮಾರುವುದಕ್ಕೆಂದು ಇಟ್ಟದ್ದಲ್ಲ.

ಒಂದೇ ಒಂದು ಕೇಳುತ್ತೇನೆ, ಮನ್ನಿಸಿ. ಹೇಗಾಯಿತು?

ಇತಿ,
ಹಿಂದೆ ನಿಮ್ಮ ಮನೆಯ ಜಗಲಿಯಲ್ಲಿ ಕೂರುತ್ತಿದ್ದವನು


ಫೆಬ್ರವರಿ ೨೧

ಫೋಟೋದವರಿಗೆ,

ಕೇಳಿದ್ದೀರಿ, ಹೇಳುತ್ತೇನೆ. ಯಾರಿಗೂ ಪೂರ್ತಿ ಹೇಳಿಲ್ಲ. ದಿನಚರಿಯಲ್ಲೂ ಆ ದಿನದ ಪುಟದಲ್ಲಿ "ಬೆಳಿಗ್ಗೆ ಮೋಡ" ಎಂದಷ್ಟೇ ಇದೆ.

ಬೆಳಿಗ್ಗೆ ಏಳು ಗಂಟೆಗೆ ಓಟ ಮುಗಿಯುವ ಗೆರೆ ಅಳೆಯುತ್ತಿದ್ದರು. ನೀವು ನೋಡುತ್ತಿದ್ದ ಕಾಲದಲ್ಲಿ ಎರಡು ತುದಿಗೆ ಎರಡು ಗೂಟ ಹೊಡೆದು, ದಾರ ಕಟ್ಟಿ, ಒಂದು ಸಲ ಟೇಪ್ ಹಿಡಿಯುತ್ತಿದ್ದರು. ನಿಮ್ಮ ಫೋಟೋ ಪತ್ರಿಕೆಯಲ್ಲಿ ಬಂದಮೇಲೆ ನಾಲ್ಕು ಸಲ ಹಿಡಿಯತೊಡಗಿದರು. ಆವತ್ತು ನಾಲ್ಕನೆಯ ಸಲಕ್ಕೆ ಬಗ್ಗಿದವರು ಏಳಲಿಲ್ಲ. ನಾನು ಕಿಟಕಿಯಿಂದ ನೋಡುತ್ತಿದ್ದೆ. ದಾರದ ಗಂಟು ಬಿಡಿಸುತ್ತಿದ್ದಾರೆ ಅಂದುಕೊಂಡು ಇನ್ನೂ ಎರಡು ಗುಂಡಿ ಹೊಲಿದೆ.

ನಿಮ್ಮ ಮೇಲೆ ದೂರಲು ಬರೆಯುತ್ತಿಲ್ಲ. ಆದರೂ ನೀವು ಆಮೇಲೆ ನಮ್ಮ ಕಡೆ ಬರಲಿಲ್ಲ, ಮನೆಯಲ್ಲಿ ಏನಾಯಿತು ಎಂದು ನಿಮಗೆ ತಿಳಿದಿಲ್ಲ. ಆ ಓಟದಲ್ಲಿ ನಮ್ಮ ಚಿಗರೆ ಮೊದಲು ಬಂದಳು ಎಂದು ಗೆರೆಯ ಹತ್ತಿರ ಕೂತ ತೀರ್ಪುಗಾರರೇ ಹೇಳಿದ್ದರು. (ನನ್ನ ಮಗಳಿಗೆ ಆ ಹೆಸರು ಇಟ್ಟವರು ನೀವೇ.) ಮಾರನೆಯ ದಿನ ನಿಮ್ಮ ಫೋಟೋ ಬಂತು. ಅದರಲ್ಲಿ ಆಚೆ ಬದಿಯ ಹುಡುಗಿ ಮುಂದೆ ಇದ್ದಳು, ಗೆರೆ ನಮ್ಮವಳ ಬದಿಗೆ, ಅವಳ ಓಟ ಕಡಿಮೆಯಾಗುವ ಹಾಗೆ, ಹಿಂದಕ್ಕೆ ವಾಲಿತ್ತು. ಮಗಳಿಗಾಗಿ ಅಪ್ಪ ಸೊಟ್ಟ ಎಳೆದ ಎಂದರು. ಅಳೆದು ನೋಡೋಣವೆಂದರೆ ಗೆರೆ ಇರಲಿಲ್ಲ. ಆಟ ಮುಗಿದ ಸಂಜೆಯೇ ಗೆರೆ ಅಳಿಸಿ ಮನೆಗೆ ಬರುವುದು ನಮ್ಮವರ ಪದ್ಧತಿ. ಅದನ್ನೂ ತಪ್ಪು ಮುಚ್ಚಲು ಮಾಡಿದ್ದು ಎಂದರು. ಪದಕ ವಾಪಸ್ ತೆಗೆದುಕೊಂಡರು.

ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಪ್ಪಾ, ಗೆರೆ ಸೊಟ್ಟಗಿತ್ತಾ?" ಎಂದು ಒಂದೇ ಸಲ ಕೇಳಿದಳು. "ಗೊತ್ತಿಲ್ಲ ಮಗಳೇ," ಎಂದರು. ಅವಳು ಮತ್ತೆ ಓಡಲಿಲ್ಲ. ಈಗ ಬೇರೆ ಊರಿನಲ್ಲಿ ಸರಕಿನ ಗೋದಾಮೊಂದರಲ್ಲಿ ತೂಕದ ಕೆಲಸ. ಮಣ್ಣಿಗೆ ಬಂದಿದ್ದಳು, ಸಂಜೆಯ ಬಸ್ಸಿಗೆ ಹೋದಳು.

ಒಮ್ಮೆ ನಾನು, "ಆ ಫೋಟೋನೇ ತಪ್ಪಿರಬಾರ್ದಾ?" ಎಂದೆ. ನಮ್ಮವರು ಬೈದರು. "ಅವನು ಗೂಟದ ನೇರಕ್ಕೇ ನಿಂತಿದ್ದೆ ಅಂದಿದಾನೆ. ಅವನು ಸುಳ್ಳು ಹೇಳೋನಲ್ಲ. ನನ್ನ ಕೈಯೇ ಎಲ್ಲೋ ಜಾರಿದೆ ಕಣೇ."

ಆ ಮುನ್ನೂರರ ಲೆನ್ಸೇ ಕಳುಹಿಸಿ. ಹಿಗ್ಗದೆ ಕುಗ್ಗದೆ ಒಂದೇ ಕಡೆ ನೋಡುವುದು ನನಗೆ ಸಾಕು.

ಇತಿ,
ಚಿಗರೆಯ ಅಮ್ಮ


ಮಾರ್ಚ್ ೪

ಅತ್ತಿಗೆಗೆ,

ಪಾರ್ಸೆಲ್ ಕಳುಹಿಸಿದ್ದೇನೆ. ಲೆನ್ಸಿನ ಮುಂದಿನ ಬಳೆಯಲ್ಲಿ ಒಂದು ತಗ್ಗು ಇದೆ. ಗಾಜಿಗೆ ಏನೂ ಆಗಿಲ್ಲ, ಬೂಷ್ಟು ಹಿಡಿದಿಲ್ಲ. ಬಟ್ಟೆಯ ಚೀಲದಲ್ಲಿ ಮರಳು ತುಂಬಿ ಕಿಟಕಿಯ ಕಟ್ಟೆಯ ಮೇಲಿಟ್ಟು, ಅದರ ಮೇಲೆ ಲೆನ್ಸ್ ಮಲಗಿಸಿ. ಓಟಕ್ಕೆ ಸೆಕೆಂಡಿನ ಸಾವಿರದಲ್ಲೊಂದು ಭಾಗ ಇಡಿ. ಹಕ್ಕಿಗೆ ಐನೂರರಲ್ಲೊಂದು ಸಾಕು. ಫೋಕಸ್ ಯಾವಾಗಲೂ ಕಣ್ಣಿಗೆ.

ನಿಮ್ಮ ಪತ್ರಕ್ಕೆ ಉತ್ತರ ಬರೆಯಲು ನಾಲ್ಕು ದಿನ ಕೂತೆ. ಕೂತು ಲೆನ್ಸ್ ಒರೆಸಿದೆ.

ಇತಿ,
ನಿಮ್ಮವನೇ


ಮಾರ್ಚ್ ೧೭

ಫೋಟೋದವರಿಗೆ,

ಹಕ್ಕಿಯ ಕಣ್ಣು ಕಂಡಿತು.

ಮೊದಲ ಸಲ ಕಂಡಾಗ ಲೆನ್ಸಿನಿಂದ ಮುಖ ಹಿಂದಕ್ಕೆಳೆದೆ. ಅದು ನನ್ನ ಮುಖಕ್ಕೆ ಮುಖ ಕೊಟ್ಟು ಕೂತ ಹಾಗಿತ್ತು. ಕಣ್ಣಿನ ಸುತ್ತ ಕೆಂಪು ಅಂಚಿದೆ, ಹೊಲಿದ ಹಾಗೆ. ನಮ್ಮವರಿಗೆ ಅದು ಗೊತ್ತಾಗದೇ ಹೋಯಿತು. ನಾಲ್ಕು ಮೊಟ್ಟೆ ಇಟ್ಟಿದೆ. ಸುಣ್ಣದ ಬಳೆ ಈ ಸಲ ನಾನೇ ಎಳೆದೆ. ಹಕ್ಕಿಯ ಒಂದು ಪ್ರಿಂಟ್ ಜೊತೆಗಿಟ್ಟಿದ್ದೇನೆ.

ಆದರೆ ಬರೆಯಲು ಕೂತದ್ದು ಬೇರೆ ವಿಷಯಕ್ಕೆ. ಮಕ್ಕಳು ಅಭ್ಯಾಸಕ್ಕೆ ಓಡುವಾಗ ಕಿಟಕಿಯಿಂದ ಆರು ಫೋಟೋ ತೆಗೆದೆ. ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿದೆ. ಅಲ್ಲೇ ಮೇಜಿನ ಮೇಲೆ ಸಾಲಾಗಿ ಹರಡಿ ನೋಡಿದೆ. ಆರರಲ್ಲೂ ಗೆರೆ ಸೊಟ್ಟಗಿದೆ.

ಈಗ ಗೆರೆ ಎಳೆಯುವವರು ಹೊಸಬರು. ಐವತ್ತು ದಾಟಿದ ದಪ್ಪನೆಯ ಮನುಷ್ಯ, ಚಕ್ರದ ಮೆಷಿನ್ ತಳ್ಳುತ್ತಾರೆ. ಅವರ ಮುಂದೆ ಫೋಟೋ ಹಿಡಿದೆ. "ಅಮ್ಮಾ, ನನ್ನ ಹೊಟ್ಟೆ ಒಂದು ಕಡೆಗೆ ವಾಲಿರ್ಬೋದು. ನನ್ನ ಗೆರೆ ವಾಲಲ್ಲ. ಬನ್ನಿ, ಅಳೀರಿ," ಎಂದರು. ನಮ್ಮವರ ಟೇಪು ದಾರ ತಂದೆ. ಇಬ್ಬರೂ ಸೇರಿ ಅಳೆದೆವು. ಗೆರೆ ನೂಲು ಹಿಡಿದ ಹಾಗಿದೆ. ಬೆರಳಿನಷ್ಟೂ ಆಚೀಚೆ ಇಲ್ಲ.

ನೆಲದಲ್ಲಿ ನೇರ, ಫೋಟೋದಲ್ಲಿ ಸೊಟ್ಟ. ನನಗೆ ಓದು ಕಡಿಮೆ, ಅದಕ್ಕೆ ಕೇಳುತ್ತೇನೆ. ಈ ಲೆನ್ಸಿನಲ್ಲಿ ದೋಷ ಇದೆಯೇ? ಆವತ್ತಿನ ನಿಮ್ಮ ಲೆನ್ಸಿನಲ್ಲೂ ಇಂಥದೇ ದೋಷ ಇತ್ತೇ? ಹಾಗಿದ್ದರೆ ಅದು ಯಾರ ತಪ್ಪೂ ಅಲ್ಲ. ಹಾಗೆಂದು ಒಂದು ಸಾಲು ಬರೆದು ಕಳುಹಿಸಿದರೆ ಚಿಗರೆಗೆ ತೋರಿಸುತ್ತೇನೆ.

ಇತಿ,
ಚಿಗರೆಯ ಅಮ್ಮ


ಮಾರ್ಚ್ ೨೫

ಅತ್ತಿಗೆಗೆ,

ಲೆನ್ಸಿನಲ್ಲಿ ದೋಷವಿಲ್ಲ. ದೂರದ ಲೆನ್ಸ್ ಹತ್ತಿರದ್ದನ್ನೂ ದೂರದ್ದನ್ನೂ ಒಂದರ ಮೇಲೊಂದು ಒತ್ತಿ ತೋರಿಸುತ್ತದೆ. ಓರೆಯಾಗಿ ನಿಂತು ತೆಗೆದರೂ ಪಕ್ಕದಿಂದ ನೇರವಾಗಿ ನೋಡಿದ ಹಾಗೆ ಕಾಣುತ್ತದೆ. ಆಗ ನೇರವಾದ ಗೆರೆಯೇ ವಾಲಿದಂತೆ ಬರುತ್ತದೆ. ನಿಮ್ಮ ಕಿಟಕಿ ಗೆರೆಯ ನೇರಕ್ಕಿಲ್ಲ, ಅಷ್ಟೇ.

ಹಕ್ಕಿಯ ಕಣ್ಣು ಚೆನ್ನಾಗಿ ಬಂದಿದೆ.

ಇತಿ,
ನಿಮ್ಮವನೇ


ಮಾರ್ಚ್ ೩೧

ಫೋಟೋದವರಿಗೆ,

ನಿಮ್ಮ ಪತ್ರ ಹಿಡಿದುಕೊಂಡು ಮೈದಾನಕ್ಕೆ ಹೋದೆ. ಈಚೆಯ ಗೂಟ ಆಚೆಯ ಗೂಟವನ್ನು ಮರೆಮಾಡುವ ಹಾಗೆ ನಿಂತು ತೆಗೆದೆ. ಗೆರೆ ನೇರ ಬಂತು. ತಿರುವಿನ ಕಡೆಗೆ ಒಂದೊಂದೇ ಹೆಜ್ಜೆ ಸರಿಯುತ್ತ ತೆಗೆದೆ. ಪ್ರತಿ ಹೆಜ್ಜೆಗೂ ವಾಲುತ್ತ ಬಂತು.

ನಮ್ಮವರ ಟೇಪಿನ ಪೆಟ್ಟಿಗೆಯ ತಳದಲ್ಲಿ ಆ ದಿನದ ಪತ್ರಿಕೆಯ ತುಂಡು ಇತ್ತು. ಅವರು ಇಟ್ಟುಕೊಂಡಿದ್ದರು ಎಂದು ನನಗೆ ಈಗಲೇ ಗೊತ್ತಾದದ್ದು. ನನ್ನ ಫೋಟೋಗಳನ್ನು ಅದರ ಪಕ್ಕ ಒಂದೊಂದಾಗಿ ಇಟ್ಟು ನೋಡಿದೆ. ಎಂಟನೆಯ ಹೆಜ್ಜೆಯದು ಅದಕ್ಕೆ ಸರಿಯಾಗಿ ಹೊಂದಿತು.

ಆವತ್ತು ನೀವು ಎಲ್ಲಿ ನಿಂತಿದ್ದಿರಿ?

ಚಿಗರೆಯ ಅಮ್ಮ


ಏಪ್ರಿಲ್ ೨೦

ಅತ್ತಿಗೆ,

ಎಂಟು ಹೆಜ್ಜೆ ಆಚೆ.

ಇಷ್ಟನ್ನು ಬರೆಯಲು ಇಪ್ಪತ್ತು ದಿನ ಹಿಡಿಯಿತು. ಅದಕ್ಕೂ ಮೊದಲು ಹತ್ತೊಂಬತ್ತು ವರ್ಷ.

ಆ ಬೆಳಿಗ್ಗೆ ಗೆರೆಯಣ್ಣನೇ ಬಂದು ಹೇಳಿದರು: "ಇವತ್ತು ಟಿಟ್ಟಿಭದ ಮರಿ ಹೊರಗೆ ಬರ್ತಾವೆ ಕಣೋ. ಓಟಕ್ಕೆ ಇನ್ನೂ ಹೊತ್ತಿದೆ. ಹೊಸ ಲೆನ್ಸ್ ಕೊಟ್ಟಿದಾರಲ್ಲ, ಹೋಗು, ಬೋಣಿ ಮಾಡು." ಹೋದೆ. ಮೊಟ್ಟೆ ಬಿರುಕು ಬಿಟ್ಟಿತ್ತು, ಕೊಕ್ಕಿನ ತುದಿ ಕಾಣುತ್ತಿತ್ತು. ಮೈಮರೆತೆ. ಪಿಸ್ತೂಲಿನ ಸದ್ದು ಕೇಳಿದಾಗ ಎದ್ದು ಓಡಿದೆ. ಗೂಟದ ನೇರ ಮುಟ್ಟಲು ಎಂಟು ಹೆಜ್ಜೆ ಬಾಕಿ ಇರುವಾಗ ಮಕ್ಕಳು ಗೆರೆಗೆ ಬಂದೇಬಿಟ್ಟರು. ಅಲ್ಲಿಂದಲೇ ಒತ್ತಿದೆ. ಆ ಓರೆಗೆ ಆಚೆ ಬದಿಯವಳು ಹಿಂದಿದ್ದರೂ ಮುಂದಿದ್ದಂತೆ ಬಂದಳು.

ಫಿಲ್ಮ್ ತೊಳೆದಾಗಲೇ ನೋಡಿದೆ. ನೇರಕ್ಕೆ ನಿಂತಿದ್ದರೆ ಒಂದರ ಹಿಂದೊಂದು ಅಡಗಬೇಕಾದ ಗೂಟಗಳು ಎರಡೂ ಬೇರೆ ಬೇರೆಯಾಗಿ ಕಾಣುತ್ತಿದ್ದವು. ಪ್ರಿಂಟ್ ಮಾಡುವಾಗ ಎರಡೂ ಗೂಟ ಕತ್ತರಿಸಿ ಹಾಕಿದೆ. ಓಟ ಬಿಟ್ಟು ಹಕ್ಕಿ ನೋಡುತ್ತಿದ್ದ ಎಂದು ಕೆಲಸ ಹೋದೀತು ಎಂಬ ಹೆದರಿಕೆ. "ಎಲ್ಲಿ ನಿಂತು ತೆಗ್ದೆ?" ಎಂದು ಸಂಪಾದಕರು ಕೇಳಿದರು. "ನೇರಕ್ಕೇ ಸಾರ್," ಎಂದೆ. ಉಗುಳು ನುಂಗುವಷ್ಟು ಹೊತ್ತು. ಅಷ್ಟರಲ್ಲಿ ಮುಗಿದಿತ್ತು. ಇಷ್ಟೆಲ್ಲ ಆಗುತ್ತದೆಂದು ಆಗ ಹೊಳೆಯಲಿಲ್ಲ. ಮಾರನೆಯ ದಿನ ಆದದ್ದನ್ನು ಕಣ್ಣಾರೆ ನೋಡಿದೆ, ನೋಡಿಯೂ ಬಾಯಿ ಬಿಡಲಿಲ್ಲ.

ಅಣ್ಣ ಬಂದು ಕಾಲರ್ ಹಿಡಿಯಲಿ, ಹೇಳಿಬಿಡುತ್ತೇನೆ ಎಂದು ಕಾದೆ. ಬರಲಿಲ್ಲ. ಒಂದು ಮಾತೂ ಕೇಳದೆ ನನ್ನನ್ನು ದೂರ ಮಾಡಿದರಲ್ಲ ಎಂದು ನಾನೇ ಸಿಟ್ಟು ಮಾಡಿಕೊಂಡೆ. ಸಿಟ್ಟು ಇದ್ದರೆ ನಿದ್ದೆ ಬರುತ್ತಿತ್ತು. ನನ್ನ ಮೇಲಿನ ನಂಬಿಕೆಯಿಂದಲೇ ಅವರು ತಮ್ಮ ಕೈಯನ್ನು ಅನುಮಾನಿಸಿದರು ಎಂದು ನಿಮ್ಮ ಫೆಬ್ರವರಿಯ ಪತ್ರದಲ್ಲಿ ಓದಿದೆ. ಆಗಿನಿಂದ ರಾತ್ರಿ ಹಗಲು ಅದೊಂದೇ ಸಾಲು.

ಪೂರ್ತಿ ನೆಗೆಟಿವ್ ಇದರ ಜೊತೆ ಇದೆ. ಗೂಟ ಎರಡೂ ಇವೆ. ನಿಮ್ಮ ಕಿಟಕಿಯಲ್ಲಿರುವುದು ಅದೇ ಲೆನ್ಸ್. ಆವತ್ತು ಓಡುವಾಗ ಬಿದ್ದು ಆದ ತಗ್ಗು ಅದು. ಅದು ನಿಮ್ಮ ಕೈಗೇ ಹೋಗಲಿ ಎಂದು ಯಾಕೆ ಕಳುಹಿಸಿದೆನೋ ನನಗೂ ಗೊತ್ತಿಲ್ಲ. ಸಿಕ್ಕಿಬೀಳಲಿ ಎಂದಿರಬೇಕು.

ಕ್ಷಮಿಸಿ ಎಂದು ಬರೆಯುವ ಧೈರ್ಯ ಇಲ್ಲ.

ಇತಿ,
ಸುಳ್ಳು ಹೇಳಿದವನು


ಮೇ ೨

ಫೋಟೋದವರಿಗೆ,

ನಿಮ್ಮ ಪತ್ರ ಉಗ್ರಾಣಕ್ಕೆ ಬಂತು. ಓದಿದೆ. ಆಮೇಲೆ ಏನು ಮಾಡಿದೆನೆಂದು ನನಗೆ ನೆನಪಿಲ್ಲ. ಹೊಸ ಗೆರೆಯವರು ಹೇಳುವ ಪ್ರಕಾರ, ಒಗೆದು ಒಣಗಿದ ಅಂಗಿಗಳನ್ನೆಲ್ಲ ಮತ್ತೆ ನೀರಿಗೆ ಹಾಕಿ ಒಗೆಯುತ್ತ ಕೂತಿದ್ದೆನಂತೆ. ದಿನಚರಿಯಲ್ಲಿ ಒಂದು ವಾರ ಖಾಲಿ. ಮೂವತ್ತೊಂದು ವರ್ಷ ಬರೆದಿದ್ದೇನೆ, ಅವರು ಹೋದಾಗಲೂ ಒಂದು ಸಾಲು ಇತ್ತು. ಈ ವಾರ ಅದೂ ಇಲ್ಲ.

ಚಿಗರೆಗೆ ಫೋನಿನಲ್ಲಿ ಹೇಳಲಾಗಲಿಲ್ಲ. ಬಾ ಎಂದಷ್ಟೇ ಅಂದೆ. ನಿನ್ನೆ ಬಂದಳು. ಅವಳ ಕೈಗೆ ನೆಗೆಟಿವ್ ಕೊಟ್ಟು, ಕಿಟಕಿಯ ಬೆಳಕಿಗೆ ಹಿಡಿ ಎಂದೆ. ನಿಮ್ಮ ಪತ್ರ ಓದಿಸಿದೆ. ನೆಗೆಟಿವ್ ಮತ್ತೆ ಬೆಳಕಿಗೆ ಹಿಡಿದಳು. ದಿನವಿಡೀ ತಕ್ಕಡಿಯ ಮುಳ್ಳು ನೋಡುವವಳು, ಎರಡು ಗೂಟಗಳ ನಡುವಿನ ಸಂದಿಯನ್ನು ಉಗುರಿನಲ್ಲಿ ಅಳೆದಳು.

"ಅಮ್ಮ, ಅಪ್ಪ 'ಗೊತ್ತಿಲ್ಲ' ಅಂದ್ರು. 'ನೇರ ಇತ್ತು' ಅಂತ ಒಂದು ಮಾತು ಅಂದಿದ್ರೆ ನಾನು ನಂಬ್ತಿದ್ದೆ. ಅನ್ನಲಿಲ್ಲ. ಯಾಕೆ?"

"ನಿನ್ನ ಫೋಟೋ ಚಿಕ್ಕಪ್ಪನ್ನ ನಂಬಿದ್ರು," ಎಂದೆ.

ಅವಳು ಅಳಲಿಲ್ಲ. ಟೇಪು ಎಲ್ಲಿದೆ ಎಂದು ಕೇಳಿದಳು. ಮೈದಾನಕ್ಕೆ ಇಳಿದು ಹೋದೆವು. ದಾರದ ಒಂದು ತುದಿ ಅವಳು ಹಿಡಿದಳು, ಒಂದು ತುದಿ ನಾನು. ಹೊಸ ಗೆರೆಯವರು ಮೆಷಿನ್ ಪಕ್ಕಕ್ಕಿಟ್ಟು, "ಇವತ್ತು ನಿಮ್ದೇ ನಡೀಲಿ," ಎಂದರು. ಸುಣ್ಣವನ್ನು ಅವಳೇ ಮುಷ್ಟಿಯಲ್ಲಿ ಹಿಡಿದು ಬಿಟ್ಟಳು, ಅಪ್ಪ ಬಿಡುತ್ತಿದ್ದ ಹಾಗೆ, ಹಿಂದಕ್ಕೆ ನಡೆಯುತ್ತ. ಯಾವಾಗ ನೋಡಿ ಕಲಿತಳೋ.

ಲೆನ್ಸ್ ನಾನು ವಾಪಸ್ ಕಳುಹಿಸುವುದಿಲ್ಲ. ಅದು ಏನೂ ತಪ್ಪು ಮಾಡಿಲ್ಲ, ನಿಲ್ಲಿಸಿದ ಜಾಗದಿಂದ ಕಂಡದ್ದನ್ನು ತೋರಿಸಿದೆ. ಮೊಟ್ಟೆಗಳಲ್ಲಿ ಮೂರು ಮರಿಯಾಗಿವೆ. ಮೂರರದ್ದೂ ಕಣ್ಣು ಫೋಟೋದಲ್ಲಿ ಸಿಕ್ಕಿದೆ.

ನೀವು ಕ್ಷಮೆ ಕೇಳಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ತಿಳಿಯದು. ಆದರೆ ನೀವು ಬರಬೇಕು. ಬರಿಗೈಯಲ್ಲಿ ಬಂದರೆ ಸಾಕು, ಕ್ಯಾಮೆರಾ ಇಲ್ಲೇ ಇದೆ. ಆವತ್ತು ನಿಂತಿದ್ದ ಜಾಗದಲ್ಲಿ ಒಂದು ಗೂಟ, ನಿಲ್ಲಬೇಕಾಗಿದ್ದ ಜಾಗದಲ್ಲಿ ಒಂದು ಗೂಟ ಹೊಡೆದಿದ್ದೇವೆ. ಎರಡೂ ಕಡೆ ನಿಂತು ಒಂದೊಂದು ಫೋಟೋ ತೆಗೆಯಿರಿ. ಆ ಪತ್ರಿಕೆಗೆ ನೀವೇ ಕೊಡಿ, ನಿಮ್ಮ ಹೆಸರು ಹಾಕಿ. ಚಿಗರೆ ಗೋದಾಮಿಗೆ ರಜೆ ಹೇಳಿದ್ದಾಳೆ.

ನಿನ್ನೆ ಸಂಜೆ ರೂಢಿಯಂತೆ ಪೊರಕೆ ಎತ್ತಿಕೊಂಡೆ. ಅವಳು ನನ್ನ ಕೈಯಿಂದ ತೆಗೆದಿಟ್ಟಳು.

ಗೆರೆ ಅಳಿಸಿಲ್ಲ.

ಇತಿ,
ಗೆರೆಯಣ್ಣನ ಹೆಂಡತಿ